ಫೈಲಿನ ತೂತು ಮೊದಲು ನಿಮಗೇ ಕಾಣಬೇಕು

ಬೇರೆ ಓದುಗರಿಗಾಗಿ ಮೊದಲು ಪತ್ರದ ಸಾರ ಹೇಳಿಬಿಡುತ್ತೇನೆ. ಬರೆದವರು ಯುವ ವಕೀಲೆ. ಕ್ರಿಮಿನಲ್ ಕೇಸುಗಳನ್ನೇ ನಡೆಸುವ ಸೀನಿಯರ್ ಒಬ್ಬರ ಛೇಂಬರಿನಲ್ಲಿ ಆರೋಪಿಗಳ ಪರವಾಗಿ ಕೆಲಸ ಕಲಿಯುತ್ತಿದ್ದಾರೆ. ಈಗ ಪ್ರಾಸಿಕ್ಯೂಟರ್ ಹುದ್ದೆಗೆ, ಅಂದರೆ ಸರ್ಕಾರದ ಪರವಾಗಿ ಆರೋಪಿಗಳ ವಿರುದ್ಧ ಕೇಸು ನಡೆಸುವ ಕೆಲಸಕ್ಕೆ, ಅರ್ಜಿ ಹಾಕುವ ಮನಸ್ಸಾಗಿದೆ. "ಕೋರ್ಟಿನಲ್ಲಿ ನಿಂತು ಮಾತಾಡೋದು ಕಲೀಬೇಕಂದ್ರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ" ಅಂತ ಗೆಳತಿ ಹುರಿದುಂಬಿಸಿದ್ದಾಳೆ. "ಪೊಲೀಸರು ಕೊಟ್ಟ ಫೈಲು ಓದಿ ಹೇಳೋ ಕೆಲಸ ಅದು, ಸುಮ್ನೆ ಹಾಳಾಗ್ತೀಯ" ಅಂತ ಸೀನಿಯರ್ ಗದರಿದ್ದಾರೆ. ಅಮ್ಮನ ಪ್ರಶ್ನೆ ಇನ್ನೂ ನೇರ: "ದಿನಾ ಯಾರನ್ನೋ ಜೈಲಿಗೆ ಕಳಿಸಿ ಬಂದ್ರೆ ನಿದ್ದೆ ಬರುತ್ತಾ?" ಇದು ಒಳ್ಳೆಯ ಆರಂಭವೇ, ನಾನು ಪೊಲೀಸರ ಕಡೆಯವಳಾಗಿಬಿಡುತ್ತೇನಾ, ಮುಂದೆ ಹೊರಗೆ ಬರಬೇಕೆಂದರೆ ದಾರಿ ಇರುತ್ತದಾ ಅಂತ ಕೇಳಿದ್ದಾರೆ. ಸೀನಿಯರ್‌ಗೆ ಈ ವಿಷಯ ಹೇಗೆ ತಿಳಿಸಲಿ ಅಂತ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಕಿಲ್ಲ.

ಇನ್ನು ನಿಮಗೆ.

ನಾನು ವಕೀಲನಲ್ಲ. ಈ ಸಂಪಾದಕನ ಕುರ್ಚಿಗೆ ಬರುವ ಮೊದಲು ಕೋರ್ಟ್ ವರದಿ ಮಾಡುತ್ತಿದ್ದೆ. ಸಾಕ್ಷಿಗಳು ಕಟಕಟೆ ಹತ್ತಿ ಇಳಿಯುವುದನ್ನು ಹಿಂದಿನ ಬೆಂಚಿನಿಂದ ನೋಡಿದವನು. ನಿಮ್ಮ ಪತ್ರ ಬಂದ ಮೇಲೆ ಈ ಕೆಲಸ ಮಾಡಿದ ಪರಿಚಿತರ ಹತ್ತಿರವೂ ಮಾತಾಡಿದೆ. ನನ್ನ ಉತ್ತರ: ಅರ್ಜಿ ಹಾಕಿ. ಆದರೆ ನಿಮ್ಮ ಗೆಳತಿ ಹೇಳಿದ ಕಾರಣಕ್ಕಲ್ಲ.

ಗೆಳತಿ ಹೇಳಿದ್ದು ಸುಳ್ಳೇನಲ್ಲ. ಛೇಂಬರಿನ ಜೂನಿಯರ್‌ಗೆ ಮೊದಲ ವರ್ಷಗಳಲ್ಲಿ ಸಿಗುವುದು ವಾಯಿದೆ ಕೇಳುವ ಕೆಲಸ, ನಕಲು ತರುವ ಕೆಲಸ. ಮುಖ್ಯ ಸಾಕ್ಷಿಯ ಪಾಟೀಸವಾಲನ್ನು ಯಾವ ಸೀನಿಯರ್ ತಾನೇ ಬಿಟ್ಟುಕೊಡುತ್ತಾರೆ? ಮ್ಯಾಜಿಸ್ಟ್ರೇಟ್ ಕೋರ್ಟಿನ ಪ್ರಾಸಿಕ್ಯೂಟರ್ ಹಾಗಲ್ಲ. ಬೆಳಿಗ್ಗೆ ಜಾಮೀನು, ಆಮೇಲೆ ಸಾಕ್ಷಿ, ಮಧ್ಯಾಹ್ನ ವಾದ, ನಡುವೆ ರಿಮಾಂಡ್. ನಿಂತೇ ಇರುತ್ತಾರೆ. ಆದರೆ ಎಲ್ಲ ಕಡೆಯೂ ಹೀಗೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳ ಶಿಕ್ಷೆಗಳಲ್ಲಿ 100ಕ್ಕೆ 97, ರಾಜ್ಯಗಳ ಕೋರ್ಟುಗಳಲ್ಲಿ 94 ಬರುವುದು ಆರೋಪಿ ತಪ್ಪೊಪ್ಪಿಕೊಳ್ಳುವುದರಿಂದ ಅಂತ ಅಲ್ಲಿನ ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ. ಅಂದರೆ ಅಲ್ಲಿ ಹೊಸ ಪ್ರಾಸಿಕ್ಯೂಟರ್‌ನ ಹೆಚ್ಚಿನ ಸಮಯ ಹೋಗುವುದು ವಿಚಾರಣೆಗಲ್ಲ, ಎದುರಿನ ವಕೀಲರ ಜೊತೆಗಿನ ಚೌಕಾಸಿಗೆ. ಹಾಗಾಗಿ ಯಾವ ಕೋರ್ಟು, ಯಾವ ಬಗೆಯ ಕೇಸು ಅಂತ ಮೊದಲೇ ವಿಚಾರಿಸಿ.

ನಾನು ಹೋಗಿ ಅನ್ನುವುದು ಬೇರೆ ಕಾರಣಕ್ಕೆ. ನಿಮಗೆ ಅಲ್ಲಿ ಕಕ್ಷಿದಾರ ಇರುವುದಿಲ್ಲ. "ಮೇಡಂ, ಹೇಗಾದ್ರೂ ಮಾಡಿ ಗೆಲ್ಲಿಸಿ" ಅಂತ ಹೇಳುವವರಿಲ್ಲ. ಫೀಸಿನ ಮಾತಿಲ್ಲ. ದೂರುದಾರರು ಹಾಗೆ ಹೇಳಬಹುದು, ಆದರೆ ನೀವು ಅವರ ವಕೀಲರಲ್ಲ, ಸರ್ಕಾರದ ವಕೀಲರು. ವಕೀಲಿಕೆಯಲ್ಲಿ ಇಷ್ಟು ಬೇಗ ಸ್ವಂತ ತೀರ್ಮಾನ ಮಾಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಅದೇ ಅಪಾಯವೂ ಹೌದು. ಅಮೆರಿಕದ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಜಾಕ್ಸನ್ 1940ರ ಏಪ್ರಿಲ್ 1ರಂದು ತಮ್ಮ ದೇಶದ ಫೆಡರಲ್ ಪ್ರಾಸಿಕ್ಯೂಟರ್‌ಗಳನ್ನೆಲ್ಲ ಕೂರಿಸಿಕೊಂಡು ಒಂದು ಭಾಷಣ ಮಾಡಿದರು. ಜನರ ಜೀವ, ಸ್ವಾತಂತ್ರ್ಯ, ಮಾನದ ಮೇಲೆ ಈ ದೇಶದಲ್ಲಿ ನಿಮ್ಮಷ್ಟು ಹಿಡಿತ ಇನ್ಯಾರಿಗೂ ಇಲ್ಲ ಅನ್ನುವುದು ಅದರ ತಿರುಳು. ಇದೇ ಜಾಕ್ಸನ್ 1945ರಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿರುದ್ಧ ಅಮೆರಿಕದ ಮುಖ್ಯ ಪ್ರಾಸಿಕ್ಯೂಟರ್ ಆಗಿ ನಿಂತರು.

ಆ ಹಿಡಿತ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಪ್ರಾಸಿಕ್ಯೂಟರ್ ಫೈಲು ತೆರೆದು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಶಿಕ್ಷೆಯಾಗುವ ನಿಜವಾದ ಸಾಧ್ಯತೆ ಇದೆಯೇ? ಇದ್ದರೂ, ಈ ಕೇಸು ನಡೆಸುವುದರಿಂದ ಸಮಾಜಕ್ಕೆ ಒಳ್ಳೆಯದಾಗುತ್ತದೆಯೇ? ಎರಡಕ್ಕೂ ಹೌದು ಅಂದರೆ ಮಾತ್ರ ಮುಂದಕ್ಕೆ. ಭಾರತದಲ್ಲಿ ಹಾಗಿಲ್ಲ. ಆರೋಪಪಟ್ಟಿ ಹಾಕಬೇಕೋ ಬೇಡವೋ ಅನ್ನುವುದು ತನಿಖಾಧಿಕಾರಿಯ ತೀರ್ಮಾನ, ಅದರಲ್ಲಿ ಪ್ರಾಸಿಕ್ಯೂಟರ್ ಅಭಿಪ್ರಾಯ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಸ್ಪಷ್ಟ ಮಾಡಿದೆ. ನಿಮ್ಮ ಕೈಗೆ ಬರುವುದು ಕಟ್ಟಿ ಮುಗಿಸಿದ ಫೈಲು. ಕೋರ್ಟಿನ ಒಪ್ಪಿಗೆ ಪಡೆದು ಕೇಸು ಹಿಂದಕ್ಕೆ ಪಡೆಯುವ ಅಧಿಕಾರ ಪ್ರಾಸಿಕ್ಯೂಟರ್‌ಗೆ ಇದೆ, ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಈಗಿನ ಕಾನೂನಾದ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂನಲ್ಲಿ. ಹೊಸಬರು ದಿನನಿತ್ಯ ಬಳಸುವ ಅಸ್ತ್ರ ಅಲ್ಲ ಅದು.

ಹಾಗಾದರೆ ನಿಮ್ಮ ಸೀನಿಯರ್ ಹೇಳಿದ್ದೇ ಸರಿಯಾಯಿತಲ್ಲ, ಓದಿ ಹೇಳುವ ಕೆಲಸ ತಾನೇ? ಅಲ್ಲ. ಓದುವುದರಲ್ಲೇ ಎಲ್ಲ ಇದೆ. ಕಲ್ಪಿತ ಕೇಸೊಂದನ್ನು ತೆಗೆದುಕೊಳ್ಳೋಣ, ಸಣ್ಣದು.

ಮೊಬೈಲ್ ಕಳ್ಳತನ. ದೂರಿನಲ್ಲಿ "ಕಪ್ಪು ಬಣ್ಣದ ಫೋನ್, ಸ್ಕ್ರೀನಿನ ಬಲ ಮೂಲೆ ಒಡೆದಿದೆ" ಅಂತ ಇದೆ. ಫೋನ್ ವಶಪಡಿಸಿಕೊಂಡಾಗ ಪೊಲೀಸರು ಬರೆದ ಜಪ್ತಿ ಮಹಜರಿನಲ್ಲಿ "ಕಪ್ಪು ಬಣ್ಣದ ಒಂದು ಮೊಬೈಲ್" ಅಂತ ಮಾತ್ರ ಇದೆ, ಒಡೆದ ಮೂಲೆಯ ಸುದ್ದಿಯೇ ಇಲ್ಲ. ಫೋನಿನ ಗುರುತಿನ ಐಎಂಇಐ ಸಂಖ್ಯೆ ಬರೆದಿದ್ದಾರೆ, ಆದರೆ ಕೊನೆಯ ಎರಡು ಅಂಕಿ ತಿದ್ದಿದೆ, ತಿದ್ದಿದ ಕಡೆ ಸಹಿ ಇಲ್ಲ. ಮಹಜರು ಸಂಜೆ 5.30ಕ್ಕೆ, ಆರೋಪಿ ತೋರಿಸಿದ ಜಾಗದಲ್ಲಿ. ಆರೋಪಿಯನ್ನು ದಸ್ತಗಿರಿ ಮಾಡಿದ್ದು 6.15ಕ್ಕೆ. ಅಂದರೆ ಕಾಗದದ ಪ್ರಕಾರ ಇನ್ನೂ ಸಿಕ್ಕದ ಮನುಷ್ಯ ಮುಕ್ಕಾಲು ಗಂಟೆ ಮೊದಲೇ ಪೊಲೀಸರ ಜೊತೆ ನಿಂತು ಜಾಗ ತೋರಿಸುತ್ತಿದ್ದಾನೆ!

ನೀವು ಆರೋಪಿ ಪರ ಇದ್ದಿದ್ದರೆ ಇದನ್ನು ನೋಡಿ ಕುಣಿದಾಡುತ್ತಿದ್ದಿರಿ, ಅಲ್ವಾ? ಪ್ರಾಸಿಕ್ಯೂಟರ್ ಆದಾಗ ಇದೇ ತೂತು ಎದುರಿನ ವಕೀಲರಿಗಿಂತ ಮೊದಲು ನಿಮಗೆ ಕಾಣಬೇಕು. ಕಟಕಟೆಯಲ್ಲಿ ತನಿಖಾಧಿಕಾರಿ ತಡವರಿಸುವಾಗ ಕಂಡರೆ ಕಂಡ ಹಾಗಲ್ಲ. ಸಾಕ್ಷಿ ವಿಚಾರಣೆಗೆ ಬಹಳ ಮುಂಚೆ ನಿಮ್ಮ ಮೇಜಿನ ಮೇಲೆ ಕಾಣಬೇಕು. ಆಗ ಮಾಡುವುದಕ್ಕೆ ಕೆಲಸ ಇರುತ್ತದೆ. ಫೋನ್ ಕೊಂಡ ಬಿಲ್ಲು ಇದೆಯಾ, ಡಬ್ಬಿಯ ಮೇಲಿನ ಸಂಖ್ಯೆ ಹೊಂದುತ್ತದಾ ಅಂತ ಕೇಳಿಸಬಹುದು. ಮುದ್ದೆಮಾಲು, ಅಂದರೆ ವಶಪಡಿಸಿಕೊಂಡ ಫೋನ್, ತರಿಸಿ ಬಲ ಮೂಲೆ ನೋಡಬಹುದು. ಠಾಣೆಯ ಡೈರಿಯಲ್ಲಿ ಆ ಸಂಜೆ ಏನು ಬರೆದಿದೆ ನೋಡಬಹುದು. ಸಮಯ ಬರೆಯುವಾಗ ನಿಜಕ್ಕೂ ಕೈತಪ್ಪಿದ್ದರೆ ಅದು ದಾಖಲೆಗಳಲ್ಲೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಆ ತೂತು ಹಾಗೆಯೇ ಕೋರ್ಟಿಗೆ ಹೋಗಬೇಕು. "6.30 ಅಂತ ಹೇಳಿಬಿಡಿ ಸಾರ್" ಅಂತ ತನಿಖಾಧಿಕಾರಿಯ ಕಿವಿಯಲ್ಲಿ ಹೇಳಿದ ದಿನ ನೀವು ಬೇರೆಯೇ ಕೆಲಸ ಶುರು ಮಾಡಿದ ಹಾಗೆ.

ಹೊಸಬರು ಎಡವುವುದು ಜಾಸ್ತಿ ಇಲ್ಲೇ ಅಂತ ನನ್ನ ಪರಿಚಿತರೆಲ್ಲ ಹೇಳಿದರು. ಸಾಕ್ಷಿಗೆ ನೆನಪು ಮಾಡಿಸುವುದು ಬೇರೆ, ಹೇಳಿಕೊಡುವುದು ಬೇರೆ. ಆದರೆ ಕೋರ್ಟಿನ ಹೊರಗೆ, ಕಾರಿಡಾರಿನಲ್ಲಿ, ಐದು ನಿಮಿಷದ ಅವಸರದಲ್ಲಿ ಎರಡರ ನಡುವಿನ ಗೆರೆ ತೆಳುವಾಗಿಬಿಡುತ್ತದೆ. ಕೋರ್ಟು ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ, ಪ್ರಶ್ನೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ, ಇಷ್ಟು ಹೇಳುವುದು ಸರಿ. ಉತ್ತರ ಹೇಳಿಕೊಡುವುದು ತಪ್ಪು. ಅಮೆರಿಕದ ವಕೀಲರು ಸಾಕ್ಷಿಯನ್ನು ಮೊದಲೇ ಕೂರಿಸಿಕೊಂಡು ಪ್ರಶ್ನೆಗಳನ್ನೆಲ್ಲ ಕೇಳಿ ಅಭ್ಯಾಸ ಮಾಡಿಸುತ್ತಾರೆ. ಇಂಗ್ಲೆಂಡಿನ ಮೇಲ್ಮನವಿ ಕೋರ್ಟು ಕ್ರಿಮಿನಲ್ ಕೇಸುಗಳಲ್ಲಿ ಸಾಕ್ಷಿಗೆ ತರಬೇತಿ ಕೊಡುವಂತಿಲ್ಲ ಅಂತ 2005ರಲ್ಲಿ ಕಟ್ಟುನಿಟ್ಟಾಗಿ ಹೇಳಿತು. ನನಗೆ ಇಂಗ್ಲೆಂಡಿನ ದಾರಿಯೇ ಸರಿ ಅನಿಸುತ್ತದೆ. ಪಾಠ ಒಪ್ಪಿಸುವ ಸಾಕ್ಷಿ ಹಿಂದಿನ ಬೆಂಚಿಗೂ ಗೊತ್ತಾಗುತ್ತಾನೆ.

ಇನ್ನು ಉಲ್ಟಾ ಹೊಡೆಯುವ ಸಾಕ್ಷಿಗಳು. ಪೊಲೀಸರ ಮುಂದೆ "ನಾನೇ ಕಣ್ಣಾರೆ ನೋಡಿದೆ" ಅಂದವರು ಕೋರ್ಟಿನಲ್ಲಿ "ನನಗೇನೂ ಗೊತ್ತಿಲ್ಲ" ಅನ್ನುತ್ತಾರೆ. ನೀವು ಎದ್ದು ನಿಂತು, ಸಾಕ್ಷಿಯನ್ನು ಪ್ರತಿಕೂಲ ಅಂತ ಪರಿಗಣಿಸಿ ಪಾಟೀಸವಾಲು ಮಾಡಲು ಅನುಮತಿ ಕೇಳುತ್ತೀರಿ. ಅದಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 154ನೇ ಕಲಂ ಇತ್ತು, ಈಗಿನ ಸಾಕ್ಷ್ಯ ಅಧಿನಿಯಮದಲ್ಲಿ 157. ಹೊಸಬರು ಇಲ್ಲಿ ಸಿಟ್ಟಿಗೇಳುತ್ತಾರೆ, ಪೊಲೀಸ್ ಹೇಳಿಕೆಯನ್ನು ಗಡಗಡ ಓದಿ "ಸುಳ್ಳು ಹೇಳುತ್ತಿದ್ದೀರಿ" ಅಂತ ಸೂಚಿಸಿ ಕೂತುಬಿಡುತ್ತಾರೆ. ಸಾಕ್ಷಿ ತಿರುಗಿಬಿದ್ದ ಮಾತ್ರಕ್ಕೆ ಅವರು ಹೇಳಿದ್ದೆಲ್ಲ ಅಳಿಸಿಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಹಾಗಾಗಿ ಜಗಳಕ್ಕಿಂತ ತಾಳ್ಮೆ ಉಪಯೋಗಕ್ಕೆ ಬರುತ್ತದೆ. ಆ ದಿನ ಅಲ್ಲಿದ್ದಿರಾ? ಇದ್ದೆ. ಗಲಾಟೆ ಆಯಿತಾ? ಆಯಿತು. ಯಾರು ಹೊಡೆದರು? ಗೊತ್ತಿಲ್ಲ. ಕೊನೆಯ ಉತ್ತರ ಕೈಕೊಟ್ಟರೂ ಮೊದಲ ಎರಡು ನಿಮ್ಮ ಕೈಯಲ್ಲಿ ಉಳಿದವು.

ಅವರು ಯಾಕೆ ತಿರುಗಿಬಿದ್ದರು ಅನ್ನುವುದನ್ನೂ ಕೇಳಿಕೊಳ್ಳಿ. ಹೆದರಿಕೆ ಇರಬಹುದು, ರಾಜಿ ಆಗಿರಬಹುದು. ಎಷ್ಟೋ ಸಲ ಕಾರಣ ಇನ್ನೂ ಸಪ್ಪೆ: ಕೂಲಿ ಬಿಟ್ಟು ಬಂದು, ಸಂಜೆವರೆಗೆ ಕಾದು, ವಾಯಿದೆ ಬಿತ್ತು ಅಂತ ವಾಪಸ್ ಹೋಗಿ ಸಾಕಾಗಿರುತ್ತದೆ. ಸಾಕ್ಷಿ ಬಂದಿದ್ದರೆ ಅವತ್ತೇ ವಿಚಾರಣೆ ಮಾಡಬೇಕು, ಮುಂದೂಡುವುದಾದರೆ ವಿಶೇಷ ಕಾರಣ ಬರೆದಿಡಬೇಕು ಅಂತ ಕಾನೂನಿದೆ. ಅದನ್ನು ಪಟ್ಟುಹಿಡಿದು ಕೇಳುವವರು ಬೇಕು. ಅದು ನೀವೇ ಆಗಬಹುದು.

ಪೊಲೀಸರ ಕಡೆಯವಳಾಗುತ್ತೇನಾ ಅಂದಿರಿ. ಕಾನೂನಿನ ಲೆಕ್ಕದಲ್ಲಿ ಆಗುವಂತಿಲ್ಲ. ಇಂಗ್ಲೆಂಡಿನಲ್ಲಿ ಬಹಳ ಕಾಲ ಪೊಲೀಸರೇ ಕೇಸು ಹಾಕಿ ಪೊಲೀಸರೇ ನಡೆಸುತ್ತಿದ್ದರು, ಪ್ರತ್ಯೇಕ ಪ್ರಾಸಿಕ್ಯೂಷನ್ ಸಂಸ್ಥೆ ಕೆಲಸ ಶುರು ಮಾಡಿದ್ದು 1986ರಲ್ಲಿ. ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರನ್ನೂ ಪ್ರಾಸಿಕ್ಯೂಟರ್‌ಗಳನ್ನೂ ಬೇರೆ ಮಾಡಿತು. ಆದರೂ ಪ್ರಾಸಿಕ್ಯೂಟರ್‌ಗಳು ಪೊಲೀಸ್ ಇಲಾಖೆಯ ಕೆಳಗೇ ಇದ್ದ ಕಡೆ ಅವರನ್ನು ಹೊರತನ್ನಿ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಬೇಕಾಯಿತು. ಪ್ರಾಸಿಕ್ಯೂಟರ್‌ಗಳ ಮೇಲಿನ ಕಚೇರಿಯಾದ ಅಭಿಯೋಜನಾ ನಿರ್ದೇಶನಾಲಯಕ್ಕೆ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 2005ರ ತಿದ್ದುಪಡಿಯಲ್ಲಿ.

ಕಾಗದದ ಮೇಲೆ ಬೇರೆಯಾದರೂ ದಿನಾ ನೋಡುವುದು ಅದೇ ಮುಖಗಳನ್ನು. ಸಮನ್ಸ್ ಜಾರಿ ಮಾಡಿ ಬರುವ ಅದೇ ಕಾನ್‌ಸ್ಟೆಬಲ್, ಫೈಲು ಹಿಡಿದು ಬರುವ ಅದೇ ಇನ್ಸ್‌ಪೆಕ್ಟರ್. ಕಷ್ಟಸುಖ ಮಾತಾಡುತ್ತೀರಿ. ಯಾರೂ ಒತ್ತಡ ಹಾಕುವುದು ಬೇಕಿಲ್ಲ. ಸಲುಗೆ ಬೆಳೆದ ಮೇಲೆ "ಇವರು ಯಾಕೆ ಸುಳ್ಳು ಬರೀತಾರೆ" ಅಂತ ಮನಸ್ಸು ತಾನಾಗಿಯೇ ಹೇಳಲು ಶುರು ಮಾಡುತ್ತದೆ. ಆರೋಪಿ ಪರ ಕೆಲಸ ಮಾಡಿ ಬಂದವರಿಗೆ ಈ ಕಾಯಿಲೆ ಸ್ವಲ್ಪ ನಿಧಾನಕ್ಕೆ ತಗಲುತ್ತದೆ. ನಿಮ್ಮ ಛೇಂಬರ್ ದಿನಗಳು ವ್ಯರ್ಥವಲ್ಲ ಅನ್ನುವುದು ಅದಕ್ಕೇ.

ಫೈಲಿನಲ್ಲಿ ಆರೋಪಿಗೆ ಅನುಕೂಲವಾಗುವ ಕಾಗದ ಸಿಕ್ಕಾಗ ನಿಮ್ಮ ಪರೀಕ್ಷೆ. 1958ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಜಾನ್ ಬ್ರೇಡಿ ಅನ್ನುವವನು ಒಂದು ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ. ದರೋಡೆಯಲ್ಲಿ ನಾನಿದ್ದೆ, ಕೊಂದವನು ನನ್ನ ಜೊತೆಗಾರ ಅಂದ. ಜೊತೆಗಾರ ತಾನೇ ಕೊಂದೆ ಅಂತ ಒಪ್ಪಿಕೊಂಡ ಹೇಳಿಕೆ ಪ್ರಾಸಿಕ್ಯೂಷನ್ ಕೈಯಲ್ಲಿತ್ತು. ಬ್ರೇಡಿಯ ವಕೀಲರು ಕೇಳಿದಾಗ ಬೇರೆ ಹೇಳಿಕೆಗಳನ್ನು ತೋರಿಸಿದರು, ಅದೊಂದನ್ನು ತೋರಿಸಲಿಲ್ಲ. ಬ್ರೇಡಿಗೆ ಮರಣದಂಡನೆ ಆಯಿತು. ಅನುಕೂಲದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯದ ಹಾದಿಗೇ ವಿರುದ್ಧ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲಿ ತೀರ್ಪು ಕೊಟ್ಟಿತು. ಭಾರತದ ವಕೀಲರ ಪರಿಷತ್ತಿನ ನಿಯಮಗಳಲ್ಲೂ ಪ್ರಾಸಿಕ್ಯೂಷನ್ ಪರ ನಿಂತ ವಕೀಲ ನಿರಪರಾಧಿಗೆ ಶಿಕ್ಷೆಯಾಗುವಂತೆ ಕೇಸು ನಡೆಸಬಾರದು, ಅವನ ನಿರಪರಾಧಿತ್ವ ತೋರಿಸಬಲ್ಲ ಸಾಕ್ಷ್ಯವನ್ನು ಬಚ್ಚಿಡಬಾರದು ಅಂತ ಇದೆ. ನೀವು ಸನ್ನದು ತೆಗೆದುಕೊಂಡ ದಿನದಿಂದಲೇ ಈ ನಿಯಮ ನಿಮ್ಮ ಮೇಲಿದೆ. ಇದುವರೆಗೆ ಬಳಸುವ ಸಂದರ್ಭ ಬಂದಿರಲಿಲ್ಲ, ಅಷ್ಟೇ.

ಗೆಲುವಿನ ಲೆಕ್ಕ ಇಡುವ ಕಚೇರಿಗಳಲ್ಲಿ ಇದು ಕಷ್ಟ. ಎಷ್ಟು ಕೇಸಿನಲ್ಲಿ ಶಿಕ್ಷೆ, ಎಷ್ಟರಲ್ಲಿ ಖುಲಾಸೆ ಅಂತ ಕೇಳುತ್ತಾರೆ. ಪತ್ರಿಕೆಗಳಲ್ಲೂ ಖುಲಾಸೆ ಅಂದರೆ "ಪ್ರಾಸಿಕ್ಯೂಷನ್ ವಿಫಲ" ಅಂತಲೇ ಶೀರ್ಷಿಕೆ. ನನಗೆ ಆ ಶೀರ್ಷಿಕೆ ಕಂಡರೆ ಆಗುವುದಿಲ್ಲ, ಇನ್ನೂ ಬರುತ್ತಲೇ ಇದೆ. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವ ದಾಹ ಪ್ರಾಸಿಕ್ಯೂಟರ್‌ಗೆ ಇರಬಾರದು ಅಂತ ಭಾರತದ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಅದೇ ಕೋರ್ಟು 2014ರಲ್ಲಿ, ಪ್ರತಿ ಖುಲಾಸೆಯನ್ನೂ ಪರಿಶೀಲಿಸಿ, ತನಿಖೆ ಅಥವಾ ಪ್ರಾಸಿಕ್ಯೂಷನ್ ಕಡೆ ಲೋಪ ಮಾಡಿದವರನ್ನು ಹೊಣೆ ಮಾಡಿ ಅಂತ ರಾಜ್ಯಗಳಿಗೆ ಸೂಚಿಸಿತು. ಎರಡೂ ಸರಿಯೇ. ಆದರೆ ಎರಡರ ನಡುವೆ ನಿಲ್ಲುವುದು ನಿಮ್ಮಂಥ ಹೊಸಬರು. ಇದಕ್ಕೆ ಪರಿಚಿತರೊಬ್ಬರು ಹೇಳಿದ ಉಪಾಯ ನನಗೆ ಹಿಡಿಸಿತು: ಫೈಲು ಕೈಗೆ ಬಂದ ವಾರದಲ್ಲೇ ಅದರ ಕೊರತೆಗಳನ್ನು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಮೇಲಧಿಕಾರಿಗೆ ಕಳಿಸಿ ನಕಲು ಇಟ್ಟುಕೊಳ್ಳಿ. ಸೋತ ಮೇಲೆ ಬರೆದ ಟಿಪ್ಪಣಿ ಸಬೂಬಿನ ಹಾಗೆ ಕಾಣುತ್ತದೆ, ಮೊದಲೇ ಬರೆದದ್ದು ಹಾಗಲ್ಲ.

ಅಮ್ಮನ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಶಿಕ್ಷೆ ಕೊಡುವುದು ನ್ಯಾಯಾಧೀಶರು, ನಾನಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಜೈಲಿನ ಮಾತು ಬರುವುದು ಕೊನೆಯ ತೀರ್ಪಿನಲ್ಲಲ್ಲ, ಮೊದಲ ವಾರದ ಜಾಮೀನಿನಲ್ಲಿ. "ಆರೋಪಿ ಸಾಕ್ಷ್ಯ ನಾಶ ಮಾಡುತ್ತಾನೆ, ಸಾಕ್ಷಿಗಳನ್ನು ಹೆದರಿಸುತ್ತಾನೆ, ತಲೆಮರೆಸಿಕೊಳ್ಳುತ್ತಾನೆ." ಹೆಸರು ಮಾತ್ರ ಬದಲಾಗುವ ಈ ತಕರಾರು ಅರ್ಜಿಯನ್ನು ನೀವೂ ಎದುರಿನ ಮೇಜಿನಿಂದ ಎಷ್ಟೋ ಸಲ ನೋಡಿರುತ್ತೀರಿ. ಎಲ್ಲ ಅರ್ಜಿಗೂ ಒಂದೇ ತಕರಾರು ಹಾಕಿದರೆ ನ್ಯಾಯಾಧೀಶರು ಕೇಳುವುದನ್ನೇ ಬಿಡುತ್ತಾರೆ. ನಿಜಕ್ಕೂ ಸಾಕ್ಷಿಯನ್ನು ಹೆದರಿಸುವ ಮನುಷ್ಯ ಬಂದ ದಿನವೂ ಕೇಳುವುದಿಲ್ಲ. ಈ ಮನುಷ್ಯ ಹೊರಗಿದ್ದರೆ ಯಾರಿಗೆ ತೊಂದರೆ, ಹೇಗೆ ಗೊತ್ತು ಅಂತ ಫೈಲಿನಿಂದ ತೋರಿಸಲು ಆಗದಿದ್ದರೆ ಷರತ್ತುಗಳನ್ನು ಕೇಳಿ ಸುಮ್ಮನಾಗುವುದು ಮೇಲು. ಅಮ್ಮನಿಗೆ ಹೀಗೇ ಹೇಳಿ ನೋಡಿ.

ನಿದ್ದೆ ಕೆಡುವುದು ಬೇರೆ ಕಾರಣಕ್ಕೆ. ಮರಣೋತ್ತರ ಪರೀಕ್ಷೆಯ ಫೋಟೋಗಳು, ಮಕ್ಕಳ ಮೇಲಿನ ದೌರ್ಜನ್ಯದ ಹೇಳಿಕೆಗಳು. ಅವನ್ನು ಮೇಲಿಂದ ಮೇಲೆ ಓದಬೇಕಾಗುತ್ತದೆ. ಒಂದು ಹಂತದಲ್ಲಿ ಏನೂ ಅನಿಸದಂತೆ ಆಗುತ್ತದೆ. ಅದನ್ನು ಅನುಭವ ಅಂತ ಹೊಗಳುವವರಿದ್ದಾರೆ, ನಂಬಬೇಡಿ. ಮಾತಾಡಲು ಸಹೋದ್ಯೋಗಿ ಒಬ್ಬರಿರಲಿ, ಬೇಕಾದರೆ ಆಪ್ತಸಮಾಲೋಚಕರನ್ನು ಕಾಣಿ. ಅಂಥ ಕೇಸುಗಳಿಂದ ಸ್ವಲ್ಪ ಕಾಲ ಬೇರೆ ಕಡೆ ಹಾಕಿ ಅಂತ ಕೇಳಲು ನಾಚಿಕೆ ಬೇಡ.

ಹೊರಗೆ ಬರುವ ದಾರಿ ಇದೆ. ಸೋನಿಯಾ ಸೊಟೊಮೇಯರ್ ಕಾನೂನು ಓದಿ ಮುಗಿಸಿದ 1979ರಲ್ಲೇ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಸಹಾಯಕ ಪ್ರಾಸಿಕ್ಯೂಟರ್ ಆದರು. 1984ರಲ್ಲಿ ಬಿಟ್ಟು ಖಾಸಗಿ ವಕೀಲಿಕೆಗೆ ಹೋದರು, 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದರು. ಆಮೇಲೆ ಬ್ರಿಟನ್ನಿನ ಪ್ರಧಾನಿಯಾದ ಕೀರ್ ಸ್ಟಾರ್ಮರ್ ಬಂದ ದಾರಿ ಉಲ್ಟಾ: ವರ್ಷಗಟ್ಟಲೆ ಮಾನವ ಹಕ್ಕುಗಳ ವಕೀಲರಾಗಿದ್ದು, 2008ರಿಂದ 2013ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರಾಸಿಕ್ಯೂಷನ್ ಮುಖ್ಯಸ್ಥರಾದರು. ಭಾರತದಲ್ಲಿ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ವಕೀಲಿಕೆಯಿಂದ ಬರುವವರಿಗೆ ಏಳು ವರ್ಷದ ಅನುಭವ ಇರಬೇಕು. ಪ್ರಾಸಿಕ್ಯೂಟರ್ ಆಗಿ ಕೋರ್ಟಿನಲ್ಲಿ ವಾದಿಸಿದ ವರ್ಷಗಳೂ ಅದಕ್ಕೆ ಲೆಕ್ಕಕ್ಕೆ ಬರುತ್ತವೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಒಂದೇ ತೊಡಕು. ಕಾಯಂ ಹುದ್ದೆ ಆದರೆ ತಿಂಗಳ ಸಂಬಳ ಬಿಟ್ಟು ಬರುವುದು ಯಾರಿಗೂ ಸುಲಭವಲ್ಲ. ಎಷ್ಟು ವರ್ಷ ಅನ್ನುವುದನ್ನು ಹೋಗುವ ಮುಂಚೆಯೇ ಮನೆಯವರ ಜೊತೆ ಮಾತಾಡಿಕೊಳ್ಳಿ. ಆಮೇಲೆ ಬದಲಾಯಿಸಿದರೂ ಪರವಾಗಿಲ್ಲ.

ಸೀನಿಯರ್‌ಗೆ ನೀವೇ ಹೇಳಿ, ಅರ್ಜಿ ಹಾಕುವ ಮುಂಚೆಯೇ. ಬಾರ್ ರೂಮಿನಿಂದ ಅವರ ಕಿವಿಗೆ ಬೀಳುವುದು ಬೇಡ. ಬೈಯುತ್ತಾರೆ, ಬೈಸಿಕೊಳ್ಳಿ. ಆಮೇಲೆ ಅವರ ಸಹಾಯದಿಂದಲೇ ಒಂದು ಕೆಲಸ ಮುಗಿಸಿ. ನೀವು ವಕಾಲತ್ತಿಗೆ ಸಹಿ ಹಾಕಿದ, ಕಕ್ಷಿದಾರರ ಜೊತೆ ಕೂತು ಮಾತಾಡಿದ, ಅರ್ಜಿ ಬರೆದುಕೊಟ್ಟ ಕೇಸುಗಳ ಪೂರ್ತಿ ಪಟ್ಟಿ ಮಾಡಿ. ಒಂದು ಪಕ್ಷಕ್ಕೆ ಸಲಹೆ ಕೊಟ್ಟ ವಕೀಲ ಅದೇ ಕೇಸಿನಲ್ಲಿ ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ. ಅವುಗಳಲ್ಲಿ ಯಾವುದೂ ನಿಮ್ಮ ಕೈಗೆ ಬರಬಾರದು. ಕೆಲಸಕ್ಕೆ ಸೇರಿದ ದಿನವೇ ಆ ಪಟ್ಟಿಯನ್ನು ಹೊಸ ಕಚೇರಿಗೆ ಲಿಖಿತವಾಗಿ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

- ಸಂ.